ಉಪಗ್ರಹಕ್ಕೆ ಕಾಣದ ಹತ್ತೊಂಬತ್ತು ತೋಟಗಳು

ನಮ್ಮ ಮನೆಯ ಊಟದ ಮೇಜಿನ ಮೇಲೆ ಹಾಸಿದ ಆ ದೊಡ್ಡ ಹಾಳೆಯಲ್ಲಿ ಶಿಡ್ಲಘಟ್ಟ ತಾಲ್ಲೂಕು ಕೆಂಪಗಿತ್ತು. ಸುರುಳಿ ಸುತ್ತಿಕೊಳ್ಳದಿರಲೆಂದು ನಾಲ್ಕು ಮೂಲೆಗೂ ಒಂದೊಂದು ಸ್ಟೀಲ್ ಲೋಟ ಇಟ್ಟಿದ್ದೆ. ಕೆರೆಗಳು ಕಪ್ಪು, ಊರುಗಳು ಬೂದು, ಮಿಕ್ಕ ಕಡೆಯೆಲ್ಲ ಯಾರೋ ಕುಂಕುಮದ ಬಟ್ಟಲು ಎಡವಿದ ಹಾಗೆ.

"ಇಷ್ಟೊಂದು ಕಡೆ ಬೆಂಕಿ ಬಿದ್ದಿದೆಯೇನಮ್ಮ?" ಎಂದು ಕೇಳಿದೆ.

"ಇಲ್ಲ ಆಂಟಿ, ಅದು ಹಸಿರು," ಎಂದಳು ಹುಡುಗಿ.

ನನ್ನ ಗೊಂದಲ ಶುರುವಾದದ್ದು ಅಲ್ಲಿಂದ. ಅದು ಪೂರ್ತಿಯಾಗಿ ಹೋಯಿತು ಎಂದು ಈಗಲೂ ಹೇಳಲಾರೆ.

ಹುಡುಗಿ ನನ್ನ ಯಜಮಾನರ ಹಳೆಯ ವಿದ್ಯಾರ್ಥಿನಿ. ಅವರು ಶಿಡ್ಲಘಟ್ಟದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದರು. ಅವಳು ಗೌರಿಬಿದನೂರು ಕಡೆಯವಳು, ಆಗ ಬೆಂಗಳೂರಿನ ಒಂದು ವಿಶ್ವವಿದ್ಯಾಲಯದಲ್ಲಿ ಉಪಗ್ರಹದ ಚಿತ್ರಗಳನ್ನೂ ಉಪಗ್ರಹದಿಂದ ದಾರಿ ಗುರುತಿಸುವ ಯಂತ್ರಗಳನ್ನೂ ಇಟ್ಟುಕೊಂಡು ಕೆಲಸ ಮಾಡುವ ಪ್ರಯೋಗಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ತೊಂಬತ್ತರ ದಶಕದ ನಡುಭಾಗ ಅದು. ನಮ್ಮದಿನ್ನೂ ಕೋಲಾರ ಜಿಲ್ಲೆ. ತಾಲ್ಲೂಕಿನಲ್ಲಿ ಹಿಪ್ಪುನೇರಳೆ ಎಲ್ಲೆಲ್ಲಿದೆ ಎಂದು ಆಕಾಶದಿಂದಲೇ ನೋಡಿ ನಕ್ಷೆ ಮಾಡುವುದು ಅವರ ಕೆಲಸ. ಎಲೆ ನಮ್ಮ ಕಣ್ಣಿಗೆ ಕಾಣದ ಒಂದು ಬೆಳಕನ್ನು ಮೇಲಕ್ಕೆ ಹೊಡೆಯುತ್ತದಂತೆ. ಅದನ್ನು ಉಪಗ್ರಹ ಹಿಡಿಯುತ್ತದಂತೆ. ಕಾಣದ ಬೆಳಕಿಗೆ ಯಾವುದಾದರೂ ಬಣ್ಣ ಕೊಡಬೇಕಲ್ಲ ಎಂದು ಕೆಂಪು ಕೊಟ್ಟಿದ್ದಾರಂತೆ. ಹಾಗಾಗಿ ಸೊಂಪಾದ ಗಿಡವೆಲ್ಲ ಕೆಂಪು, ಬೋಳು ನೆಲ ಹಸಿರು ಮಿಶ್ರಿತ ನೀಲಿ. "ಹಸಿರಿಗೆ ಹಸಿರನ್ನೇ ಕೊಟ್ಟಿದ್ರೆ ಏನಾಗ್ತಿತ್ತು?" ಎಂದೆ. ಹುಡುಗಿ ಯಜಮಾನರ ಕಡೆ ನೋಡಿದಳು. ಅವರು ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿದರು.

ಚಿತ್ರದಲ್ಲಿ ಕೆಂಪಗಿರುವುದೆಲ್ಲ ಹಿಪ್ಪುನೇರಳೆಯಲ್ಲ. ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿ ಚಪ್ಪರ, ಗೌರಿಬಿದನೂರಿನ ಕಡೆ ಕಬ್ಬು, ಚಿಂತಾಮಣಿ ರಸ್ತೆಯಲ್ಲಿ ಟೊಮೆಟೊ, ಎಲ್ಲವೂ ಬೇರೆಬೇರೆ ಕೆಂಪು. ಯಾವ ಕೆಂಪು ಯಾವ ಬೆಳೆ ಎಂದು ಕಂಪ್ಯೂಟರಿಗೆ ಕಲಿಸಬೇಕಾದರೆ ಯಾರಾದರೂ ನೆಲದ ಮೇಲೆ ನಡೆದು, ಜಾಗ ಗುರುತು ಹಾಕಿ, ಏನು ಬೆಳೆದಿದೆ ಎಂದು ಬರೆದು ತರಬೇಕು. ಅರವತ್ತು ಜಾಗ. ಅದಕ್ಕೆ ಅವಳು ನನ್ನನ್ನು ಕೇಳಲು ಬಂದಿದ್ದಳು.

"ನಾನಾ? ನನಗೆ ರಾಗಿ ಪೈರಿಗೂ ಹುಲ್ಲಿಗೂ ವ್ಯತ್ಯಾಸ ಗೊತ್ತಾಗಲ್ಲ ಕಣಮ್ಮ."

"ಆಂಟಿ, ಫಾರಂ ಇಂಗ್ಲಿಷಲ್ಲಿದೆ, ಜನ ಮಾತಾಡೋದು ತೆಲುಗು. ನನಗೆ ತೆಲುಗು ಅರ್ಧ ಬರುತ್ತೆ. ಹಗಲೊತ್ತು ತೋಟದಲ್ಲಿ, ಹುಳದ ಮನೇಲಿ ಇರೋರೆಲ್ಲ ಹೆಂಗಸರು. ನಮ್ಮ ಲ್ಯಾಬಿನ ಗಂಡಸರು ಹೋದ್ರೆ ಅವರು ಒಳಗೆ ಹೋಗಿ ಬಾಗಿಲು ಹಾಕ್ಕೋತಾರೆ. ನೀವು ಬಂದ್ರೆ ಸಾಕು."

ಮಕ್ಕಳು ಸ್ಕೂಲಿಗೆ ಹೋದ ಮೇಲೆ ಹತ್ತರಿಂದ ಮೂರರವರೆಗೆ ನನಗೆ ಬಿಡುವಿತ್ತು. ಕಾನ್ವೆಂಟಿನಲ್ಲಿ ಓದಿದವಳು, ಅಕ್ಷರ ದುಂಡಗಿತ್ತು. ತಪ್ಪು ಬರೆದರೆ ಗೀಚಬಾರದು, ಅಡ್ಡಲಾಗಿ ಒಂದೇ ಗೆರೆ ಎಳೆಯಬೇಕು, ಕೆಳಗಿನ ತಪ್ಪು ಓದಲು ಬರುವಂತಿರಬೇಕು ಎಂದು ನಮ್ಮ ಸಿಸ್ಟರ್ ಕಲಿಸಿದ್ದರು. ಮದುವೆಯಾದ ಮೇಲೆ ಆ ಅಕ್ಷರ ಉಪಯೋಗಕ್ಕೆ ಬಂದದ್ದು ಉಪ್ಪಿನಕಾಯಿ ಭರಣಿಯ ಚೀಟಿಗೆ ಮಾತ್ರ. ಒಪ್ಪಿಕೊಂಡೆ.

ಕೆಲಸದ ಕ್ರಮ ಹೀಗಿತ್ತು. ಬಸ್ಸಿನಲ್ಲಿ ಒಂದು ಹಳ್ಳಿಗೆ ಹೋಗುವುದು. ಚೆನ್ನಾಗಿ ಬೆಳೆದು ನಿಂತ, ಸಾಕಷ್ಟು ದೊಡ್ಡದಾದ ತೋಟ ಆರಿಸುವುದು, ಯಾಕೆಂದರೆ ಚಿತ್ರದ ಒಂದೊಂದು ಚುಕ್ಕಿಯೂ ಮೂವತ್ತಾರು ಮೀಟರ್ ಅಗಲದ ನೆಲಕ್ಕೆ ಸಮ, ಅದಕ್ಕಿಂತ ಚಿಕ್ಕದು ಉಪಗ್ರಹದ ಕಣ್ಣಿಗೆ ಬೀಳದು. ತೋಟದ ನಡುವಿಗೆ ಹೋಗಿ ನಿಲ್ಲುವುದು. ಹುಡುಗಿ ಚೀಲದಿಂದ ಇಟ್ಟಿಗೆಯಷ್ಟು ತೂಕದ ಯಂತ್ರ ತೆಗೆದು, ಅದರ ಕೊಂಬನ್ನು ಆಕಾಶಕ್ಕೆ ಎತ್ತುವಳು. ಕನಿಷ್ಠ ನಾಲ್ಕು ಉಪಗ್ರಹ ಸಿಗುವ ತನಕ ಕಾಯಬೇಕು. ಸಿಕ್ಕ ಮೇಲೆ ಅರ್ಧ ಗಂಟೆ, ನಿಮಿಷಕ್ಕೊಂದು ಸಲ, ಅಕ್ಷಾಂಶ ರೇಖಾಂಶ ಓದಿ ಹೇಳುವಳು, ನಾನು ಬರೆಯುವುದು. ಒಂದೇ ಜಾಗದಲ್ಲಿ ಅಲುಗಾಡದೆ ನಿಂತಿದ್ದರೂ ಅಂಕಿ ಒಂದು ನಿಮಿಷ ಇದ್ದಂತೆ ಇನ್ನೊಂದು ನಿಮಿಷ ಇರುತ್ತಿರಲಿಲ್ಲ. ಆ ಉಪಗ್ರಹಗಳ ಒಡೆಯರಾದ ದೇಶದವರು ಬೇಕೆಂದೇ ಸ್ವಲ್ಪ ಮಸುಕು ಮಾಡಿ ಕಳಿಸುತ್ತಾರೆ, ನೂರು ಮೀಟರ್ ಆಚೀಚೆ ಆಗಬಹುದು, ಅದಕ್ಕೇ ಸರಾಸರಿ ತೆಗೆಯುವುದು ಎಂದಳು. ಚಿತ್ರ ತೆಗೆಯುವ ಉಪಗ್ರಹ ಬೇರೆ, ಅದು ನಮ್ಮ ದೇಶದ್ದೇ, ಇಪ್ಪತ್ತೆರಡು ದಿನಕ್ಕೊಮ್ಮೆ ನಮ್ಮ ತಲೆಯ ಮೇಲೆ ಹಾದುಹೋಗುತ್ತದೆ ಎಂದೂ ಹೇಳಿದಳು. ಯಾವುದು ನಮ್ಮನ್ನು ನೋಡುತ್ತಿದೆ, ಯಾವುದನ್ನು ನಾವು ನೋಡುತ್ತಿದ್ದೇವೆ ಎಂಬುದು ನನಗೆ ಮೂರನೆಯ ವಾರದವರೆಗೂ ತಿಳಿಯಲಿಲ್ಲ.

ಚಿಂತಾಮಣಿ ರಸ್ತೆಯ ಒಂದು ಹಳ್ಳಿಯಲ್ಲಿ, ನಮ್ಮ ಪಟ್ಟಿಯ ಹನ್ನೆರಡನೆಯ ತೋಟದ ಒಡತಿ, ಎಪ್ಪತ್ತರ ಆಸುಪಾಸಿನ ಅಜ್ಜಿ, ಬದುವಿನ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತ ನಮ್ಮ ಅರ್ಧ ಗಂಟೆಯನ್ನೂ ಪೂರ್ತಿ ನೋಡಿದರು.

"ಏಮಮ್ಮಾ, ಏನದು, ರೇಡಿಯೋನಾ?"

"ಅಲ್ಲಜ್ಜಿ, ನಾವೆಲ್ಲಿದ್ದೀವಿ ಅಂತ ಹೇಳೋ ಯಂತ್ರ."

"ನನ್ನ ಕೇಳಿದ್ರೆ ಹೇಳ್ತಿರಲಿಲ್ವಾ? ನಮ್ಮ ತೋಟದಾಗಿದೀರ!" ಎಂದು ನಕ್ಕರು. "ಮ್ಯಾಲೆ ಅಷ್ಟೊಂದ್ ಮಷೀನು ತಿರುಗ್ತಾ ಇದ್ರೂ ನಿಮಗೆ ದಾರಿ ಸಿಗಲಿಲ್ವಲ್ಲೇ ತಾಯಿ."

ಅವರ ಮನೆ ತೋಟಕ್ಕೆ ಅಂಟಿಕೊಂಡೇ ಇತ್ತು. ಒಂದು ಭಾಗ ಮನೆ, ಇನ್ನೊಂದು ಭಾಗ ರೇಷ್ಮೆ ಹುಳ ಸಾಕುವ ಕೋಣೆ. ಬಾಯಾರಿ ನೀರು ಕೇಳಿದಾಗ ಚೊಂಬನ್ನು ಹೊರಗೇ ತಂದುಕೊಟ್ಟರು. ಹುಳದ ಕೋಣೆ ಒಮ್ಮೆ ನೋಡಬಹುದೇ ಎಂದದ್ದಕ್ಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬಾಗಿಲು ಎಳೆದುಕೊಂಡರು. "ಬ್ಯಾಡಮ್ಮ. ಜ್ವರಕ್ಕೆ ಕೂತವೆ." ಹುಳಕ್ಕೆ ಕಾಯಿಲೆಯೇನೋ ಎಂದುಕೊಂಡು ನಾನು ಪಾಪ ಎಂದೆ. ಆಮೇಲೆ ತಿಳಿಯಿತು: ಹುಳ ನಾಲ್ಕು ಸಲ ಮೇವು ಬಿಟ್ಟು ತಲೆಯೆತ್ತಿ ಸುಮ್ಮನೆ ಕೂತು ಪೊರೆ ಕಳಚುತ್ತದೆ, ಆ ಒಂದೊಂದು ಕೂರುವಿಕೆಗೂ ಇಲ್ಲಿ ಜ್ವರ ಎನ್ನುತ್ತಾರೆ.

ಹೊರಗಿನವರನ್ನು ಒಳಗೆ ಬಿಡದ ಈ ಕ್ರಮ ಎಲ್ಲ ಮನೆಯಲ್ಲೂ ಇತ್ತು. ಹಾಗಾಗಿ ಆರು ವಾರದ ನಮ್ಮ ಕೆಲಸವೆಲ್ಲ ಬದುವಿನ ಮೇಲೆ, ಹೊಸಿಲ ಹೊರಗೆ ನಡೆಯಿತು. ಫಾರಂನಲ್ಲಿ ಬೆಳೆಗೆ ಒಂದೇ ಕಾಲಂ. ನಾನು ದುಂಡಗೆ ಬರೆಯುತ್ತ ಹೋದೆ: ಹಿಪ್ಪುನೇರಳೆ, ಹಿಪ್ಪುನೇರಳೆ, ದ್ರಾಕ್ಷಿ, ಹಿಪ್ಪುನೇರಳೆ. ಕೊನೆಯ ಎರಡು ವಾರ ಹುಡುಗಿಗೆ ಟೈಫಾಯ್ಡ್ ಬಂದು, ಯಂತ್ರ ಬೆಂಗಳೂರಿಗೆ ಹೋಯಿತು. ಉಳಿದ ಇಪ್ಪತ್ತು ಜಾಗಗಳನ್ನು ಸರ್ವೆ ನಕ್ಷೆಯೊಂದನ್ನೇ ಹಿಡಿದು ನಾನೊಬ್ಬಳೇ ಮುಗಿಸಿದೆ.

ಕೆಲಸ ಮುಗಿದ ಮೂರು ವಾರದ ಮೇಲೆ ಹುಡುಗಿ ಫೋನ್ ಮಾಡಿದಳು. ಪಕ್ಕದ ಮನೆಯ ಫೋನು ಅದು. ಆ ಮನೆಯವರೆಲ್ಲ ಸುತ್ತ ಕೂತು ಕಾಫಿ ಕುಡಿಯುತ್ತಿದ್ದರು. "ಆಂಟಿ, ನಮ್ಮ ಪ್ರೊಫೆಸರ್ ನಿಮ್ಮ ನೋಟ್‌ಬುಕ್ ಬಗ್ಗೆ ಮಾತಾಡ್ಬೇಕಂತೆ. ಬರೋಕಾಗುತ್ತಾ?" ಎಂದಳು. ಅವಳ ಧ್ವನಿ ಹೊಗಳಲು ಕರೆಯುವವರ ಧ್ವನಿಯಂತಿರಲಿಲ್ಲ.

ಪ್ರಯೋಗಾಲಯದಲ್ಲಿ ಚಪ್ಪಲಿ ಹೊರಗೆ ಬಿಡಬೇಕು. ಒಳಗೆ ಎ.ಸಿ., ನೆಲಕ್ಕೆ ರತ್ನಗಂಬಳಿ, ಕಂಪ್ಯೂಟರಿಗೆ ಹೂವಿನ ಬಟ್ಟೆಯ ಮುಸುಕು. ನಮ್ಮ ಮನೆಯ ಮಿಕ್ಸಿಗೂ ಅಂಥದ್ದೇ ಹೊಲಿದಿದ್ದೆ, ಅದನ್ನು ನೋಡಿ ಕೊಂಚ ಧೈರ್ಯ ಬಂತು. ಪ್ರೊಫೆಸರ್ ಸೌಮ್ಯ ಮನುಷ್ಯ. ಪರದೆಯ ಮೇಲೆ ನಮ್ಮ ತಾಲ್ಲೂಕು ತೋರಿಸಿದರು. ನಾನು ಗುರುತಿಸಿದ ಅರವತ್ತು ಜಾಗಕ್ಕೆ ಅರವತ್ತು ಬಿಳಿ ಚೌಕ.

"ನೋಡಿಮ್ಮ. ನಲವತ್ತೊಂದು ಕಡೆ ನಿಮ್ಮ ಪುಸ್ತಕಕ್ಕೂ ಚಿತ್ರಕ್ಕೂ ಹೊಂದುತ್ತೆ. ಹತ್ತೊಂಬತ್ತು ಕಡೆ ನೀವು ಹಿಪ್ಪುನೇರಳೆ ಅಂತ ಬರ್ದಿದೀರಿ, ಉಪಗ್ರಹ ಬೋಳು ನೆಲ ಅನ್ನುತ್ತೆ."

ಹತ್ತೊಂಬತ್ತು ಚೌಕಗಳೊಳಗೆ ಹಸಿರು ಮಿಶ್ರಿತ ನೀಲಿ.

"ಆ ಯಂತ್ರ ನೂರು ಮೀಟರ್ ತಪ್ಪು ಹೇಳುತ್ತೆ ಅಂತ ಇವಳೇ ಹೇಳಿದ್ದಳು," ಎಂದೆ.

"ಅದನ್ನೇ ಮೊದಲು ನೋಡಿದ್ವಿ. ಚೌಕವನ್ನ ನಾಲ್ಕೂ ದಿಕ್ಕಿಗೆ ನೂರು ಮೀಟರ್ ಸರಿಸಿದ್ರೂ ಅಲ್ಲಿ ಹಸಿರಿಲ್ಲ."

"ಚಿತ್ರ ತೆಗೆದದ್ದು ನಾವು ಹೋದ ದಿನ ಅಲ್ಲವಲ್ಲ ಸಾರ್?"

"ಅಲ್ಲ. ಮೋಡ ಇಲ್ಲದ ಒಂದೇ ಒಂದು ದಿನದ ಚಿತ್ರ ಸಿಕ್ಕಿದ್ದು, ನೀವು ಶುರು ಮಾಡಿದ ವಾರದ್ದು. ಆದ್ರೆ ಹಿಪ್ಪುನೇರಳೆ ವರ್ಷವಿಡೀ ನಿಲ್ಲೋ ಗಿಡ. ನಾವು ಮೈಸೂರಿನ ಕಡೆ ಎರಡು ವರ್ಷ ನೋಡಿದೀವಿ. ಎಲೆ ಬಿಡಿಸ್ತಾರೆ, ಗಿಡ ಇರುತ್ತೆ. ವರ್ಷಕ್ಕೊಮ್ಮೆ ಕತ್ತರಿಸೋದು, ಅದೂ ಒಂದು ಕಾಲದಲ್ಲಿ. ಇದು ಆ ಕಾಲ ಅಲ್ಲ." ಕನ್ನಡಕ ತೆಗೆದು ಒರೆಸಿದರು. "ನೀವು ಮನೇಲಿ ಕೂತು ಬರೆದಿರಾ ಅಂತ ನಾನು ಕೇಳ್ತಿಲ್ಲಮ್ಮ."

ಕೇಳುತ್ತಿಲ್ಲ ಎಂದು ಹೇಳಿದಾಗಲೇ ಕೇಳಿದ ಹಾಗಾಯಿತು. ಹುಡುಗಿ ನೆಲ ನೋಡುತ್ತಿದ್ದಳು. ನೋಟ್‌ಬುಕ್ ನಂಬಲಾಗದಿದ್ದರೆ ಅವಳ ಪ್ರಬಂಧದ ಆ ಅಧ್ಯಾಯವನ್ನೇ ಕೈಬಿಟ್ಟು ಮತ್ತೆ ಮೈಸೂರಿನ ಕಡೆಗೆ ಹೋಗುವುದೆಂದು ಆಗಲೇ ಮಾತಾಗಿತ್ತು. ಅವಳ ಒಂದೂವರೆ ವರ್ಷ, ನನ್ನ ಮಾತಿನ ಬೆಲೆ, ಎರಡೂ ಆ ಪುಸ್ತಕದಲ್ಲಿದ್ದವು. ಇನ್ನೊಮ್ಮೆ ಹೋಗಿ ನೋಡಲು ಒಂದು ತಿಂಗಳು ಕೊಡಿ ಎಂದು ಕೇಳಿದೆ. ಯಾಕೆ ಕೇಳಿದೆನೋ ಗೊತ್ತಿಲ್ಲ. ಹೋಗಿ ನೋಡುವುದು ಏನನ್ನು ಎಂಬುದೂ ಗೊತ್ತಿರಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಹತ್ತೊಂಬತ್ತು ಸಂಖ್ಯೆಗಳ ಪಟ್ಟಿ ನೋಡುತ್ತ ಬಂದೆ. ಕಣ್ಣಾರೆ ನೋಡಿದ್ದೆ, ಎಲೆ ಮುಟ್ಟಿದ್ದೆ, ಸೀರೆಯ ಸೆರಗಿಗೆ ಎಲೆಯ ಹಾಲು ಅಂಟಿ ಕಲೆಯಾಗಿತ್ತು. ಆದರೂ ಅಷ್ಟು ಎತ್ತರದಿಂದ ನೋಡಿದ್ದು ಸುಳ್ಳು ಹೇಳುತ್ತದೆಯೇ? ಪಟ್ಟಿಯಲ್ಲಿ ಒಂದು ಸಂಖ್ಯೆಯ ಮೇಲೆ ಕಣ್ಣು ಹೋದಾಗಲೆಲ್ಲ ಹಾಳೆ ಮಡಿಚಿ ಕಿಟಕಿಯ ಹೊರಗೆ ನೋಡುತ್ತಿದ್ದೆ. ನಲವತ್ತೇಳು. ನಾನೊಬ್ಬಳೇ ಹೋದ ದಿನದ್ದು. ಆ ತೋಟದ ದಾರಿಗೆ ಅಡ್ಡಲಾಗಿ ಒಂದು ಕಂದು ನಾಯಿ ನಿಂತಿತ್ತು. ನಾನು ರಸ್ತೆಯಲ್ಲೇ ನಿಂತೆ. ಹೊಂಗೆ ಮರದ ಸಾಲಿನ ಆಚೆ ಹಸಿರು ಕಾಣುತ್ತಿತ್ತು. ಸೊಪ್ಪಿನ ಹೊರೆ ಹೊತ್ತು ಹೋಗುತ್ತಿದ್ದ ಹೆಂಗಸೊಬ್ಬಳನ್ನು ಅದೇನು ಎಂದು ಕೇಳಿದೆ. "ಸೊಪ್ಪಿನ ತೋಟಮ್ಮ" ಎಂದಳು. ಬರೆದುಕೊಂಡೆ. ಮೂರು ಗಂಟೆಗೆ ಮಕ್ಕಳು ಬರುತ್ತಿದ್ದರು.

ಮಿಕ್ಕ ಹದಿನೆಂಟಾದರೂ ಹಾಗಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಮಾರನೆಯ ದಿನ ಮೊದಲು ಅಜ್ಜಿಯ ತೋಟಕ್ಕೇ ಹೋದೆ. ಹನ್ನೆರಡನೆಯದೂ ಆ ಹತ್ತೊಂಬತ್ತರಲ್ಲಿತ್ತು. ಬಸ್ಸಿಳಿದು ತಿರುವು ದಾಟಿದೆ, ಕಾಲು ನಿಂತುಹೋಯಿತು. ತೋಟವಿರಲಿಲ್ಲ. ಎದೆಯೆತ್ತರ ಗಿಡದ ನಡುವೆ ನಿಂತು ಅಂಕಿ ಬರೆದ ಜಾಗದಲ್ಲಿ ಕೆಂಪು ಮಣ್ಣು, ಸಾಲುಸಾಲಾಗಿ ನೆಲಕ್ಕೆ ಸಮ ಕತ್ತರಿಸಿದ ಬೆರಳುದ್ದದ ಮೋಟುಗಳು. ಒಂದು ಕ್ಷಣ ಉಪಗ್ರಹವೇ ಸರಿ, ನಾನು ಕನಸು ಕಂಡಿದ್ದೆ ಎನ್ನಿಸಿತು.

"ಅಜ್ಜಿ, ಗಿಡ ಎಲ್ಲಿ?"

"ಹುಳ ತಿಂದ್ವು!" ಅಜ್ಜಿಗೆ ನನ್ನ ಮುಖ ನೋಡಿ ನಗು ತಡೆಯಲಾಗಲಿಲ್ಲ. "ಸೊಪ್ಪು ಯಾತಕ್ಕೆ ಬೆಳೀತಾರಂತ ತಿಳ್ಕಂಡಿದ್ದೆ, ದೇವರಿಗೆ ಏರಿಸಕ್ಕಾ?"

"ಗಿಡಾನೇ ತಿಂದ್ವಾ? ಎಲೆ ತಾನೇ ಬಿಡಿಸೋದು?"

"ಎಲೆ ಬಿಡಿಸ್ತಾ ಕೂತ್ರೆ ಆಯ್ತು. ನಮ್ಮ ಕಡೆ ಬುಡಕ್ಕೇ ಕೊಯ್ಯೋದು ಕಣಮ್ಮ. ಹೊರೆ ಕಟ್ಟೋದು, ಒಳಗೆ ಹಾಕೋದು. ಮತ್ತೆ ಚಿಗುರ್ತದೆ, ಎಪ್ಪತ್ತು ದಿನಕ್ಕೆ ಮತ್ತೆ ಕೊಯ್ಯೋದು."

ಒಂಬತ್ತು ವರ್ಷದಿಂದ ಶಿಡ್ಲಘಟ್ಟದಲ್ಲಿದ್ದೆ. ಸೈಕಲ್ಲಿನ ಹಿಂದೆ ಕಡ್ಡಿ ಸಮೇತ ಸೊಪ್ಪಿನ ಹೊರೆಗಳು ಹೋಗುವುದನ್ನು ದಿನವೂ ಕಿಟಕಿಯಿಂದ ನೋಡಿದ್ದೆ. ಆ ಹೊರೆ ಬಿಟ್ಟುಬಂದ ನೆಲ ಹೇಗಿರುತ್ತದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ನಾವು ಚೆನ್ನಾಗಿ ಬೆಳೆದು ನಿಂತ ತೋಟಗಳನ್ನೇ ಹುಡುಕಿ ಆರಿಸಿದ್ದೆವಲ್ಲ, ಮೋಟು ಕಣ್ಣಿಗೆ ಬಿದ್ದಿರಲೇ ಇಲ್ಲ. ಗೌರಿಬಿದನೂರಿನ ಹುಡುಗಿಗೆ ಕಬ್ಬು ಗೊತ್ತು, ಮೈಸೂರು ನೋಡಿದ ಪ್ರೊಫೆಸರಿಗೆ ಎಲೆ ಬಿಡಿಸುವುದು ಗೊತ್ತು.

"ಹಂಗಾದ್ರೆ ಇದರ ಹಿಂದಿನ ಸಲ ಯಾವತ್ತು ಕೊಯ್ದಿರಿ? ತಾರೀಕು?"

"ತಾರೀಕು ಯಾರಿಗೆ ನೆಪ್ಪಿರ್ತದೆ? ನಾಲ್ಕನೇ ಜ್ವರ ಎದ್ದ ಮ್ಯಾಲೆ ಕೊಯ್ಯಕ್ಕೆ ಹಿಡಿದ್ವಿ. ಹುಳ ಹಣ್ಣಾಗಿ ಗೂಡಿಗೆ ಬರೋ ಹೊತ್ಗೆ ತೋಟ ಖಾಲಿ."

"ನಾಲ್ಕನೇ ಜ್ವರ ಯಾವತ್ತು ಎದ್ದಿತ್ತು?"

"ಕ್ಯಾಲೆಂಡರ್‌ನಾಗೆ ಗೀಟು ಹಾಕಿರ್ತಳೆ ನನ್ನ ಸೊಸೆ. ಒಳಗದೆ."

ನಾನು ಹೊಸಿಲ ಕಡೆ ಒಂದು ಹೆಜ್ಜೆ ಇಟ್ಟೆ. ಅಜ್ಜಿ ಕೈ ಅಡ್ಡ ಹಿಡಿದರು. ಈ ಸಲ ನಗಲಿಲ್ಲ.

"ಬ್ಯಾಡ. ನಾಲ್ಕನೇ ಜ್ವರ ಎದ್ದು ಮೇಯ್ತಾ ಅವೆ. ನಿನ್ನ ಪೌಡರ್ ವಾಸನೆ ಇಲ್ಲಿಗೇ ಹೊಡೀತದೆ, ತಲೆ ತುಂಬ ಮಲ್ಲಿಗೆ ಬೇರೆ. ಹುಳ ಸೊಪ್ಪು ಮುಟ್ಟಲ್ಲ."

"ಕ್ಯಾಲೆಂಡರನ್ನೇ ಹೊರಗೆ ತಂದ್ರೆ?"

"ಹುಳದ ಬೆಳೆ ಮೇಲಿದ್ದಾಗ ಅದನ್ನ ಮೊಳೆಯಿಂದ ತೆಗ್ಯಲ್ಲ."

ಆರು ವಾರ ನನ್ನನ್ನು ಎಲ್ಲ ಹೊಸಿಲುಗಳ ಹೊರಗೆ ನಿಲ್ಲಿಸಿದ್ದು ಅದೇ ಎಂದು ಆಗ ಹೊಳೆಯಿತು. ನಾನು ಮರ್ಯಾದೆಯಾಗಿ ಕಾಣಲೆಂದು ದಿನವೂ ಮುಖಕ್ಕೆ ಪೌಡರ್ ಹಾಕಿ, ಹೂ ಮುಡಿದು, ಇಸ್ತ್ರಿ ಸೀರೆ ಉಟ್ಟು ಹೋಗುತ್ತಿದ್ದೆ.

ಮಾರನೆಯ ಬೆಳಿಗ್ಗೆ ಬರೀ ನೀರಿನಲ್ಲಿ ಸ್ನಾನ ಮಾಡಿ, ತಲೆಗೆ ಎಣ್ಣೆಯಿಲ್ಲದೆ, ಹೂವಿಲ್ಲದೆ, ಹಳೆಯ ವಾಯಿಲ್ ಸೀರೆ ಉಟ್ಟೆ. ಯಜಮಾನರು ಕಾಫಿ ಲೋಟ ಹಿಡಿದು ನನ್ನನ್ನೇ ನೋಡಿದರು.

"ಯಾರಾದ್ರೂ ಹೋದ್ರಾ?"

"ಇಲ್ಲ ರೀ. ಹುಳದ ಮನೆಗೆ ಹೋಗ್ಬೇಕು."

ಅಜ್ಜಿ ನನ್ನ ಕೊರಳ ಬಳಿ ಬಗ್ಗಿ ಮೂಸಿದರು. ಆಮೇಲೆ ಬಾಗಿಲ ಬಳಿಯ ಬಕೆಟ್ಟಿನ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಕೈಕಾಲು ತೊಳೆಸಿ, ಸುಣ್ಣದ ಪುಡಿ ಚೆಲ್ಲಿದ ಗೋಣಿಯ ಮೇಲೆ ಕಾಲಿಡಿಸಿ ಒಳಗೆ ಬಿಟ್ಟರು. ಕತ್ತಲೆ, ಬೆಚ್ಚಗಿನ ಹಸಿ ವಾಸನೆ, ಎಲ್ಲ ಕಡೆಯಿಂದ ಸಣ್ಣ ಮಳೆ ಬಿದ್ದ ಹಾಗೆ ಸದ್ದು. ಮಳೆಯಲ್ಲ, ಹುಳ ಮೇಯುತ್ತಿದ್ದವು. ಮೊಳೆಗೆ ತಿಂಗಳ ಕ್ಯಾಲೆಂಡರ್. ಅದರಲ್ಲಿ ಬಳೆ ತೊಟ್ಟ ಕೈಯ ಅಂಕುಡೊಂಕು ಗುರುತುಗಳು. ಮೊಟ್ಟೆಯೊಡೆದ ದಿನಕ್ಕೆ ಒಂದು ಚುಕ್ಕಿ. ಒಂದೊಂದು ಜ್ವರಕ್ಕೆ ಒಂದೊಂದು ಅಡ್ಡಗೆರೆ. ಹಣ್ಣಾಗಿ ಗೂಡು ಕಟ್ಟಲು ಬಿಟ್ಟ ದಿನಕ್ಕೆ ಸುತ್ತ ಒಂದು ಸೊನ್ನೆ. ಸೊಸೆ ಹಾಳೆಗಳನ್ನು ಹಿಂದಕ್ಕೆ ಮಗುಚಿದಳು. ಉಪಗ್ರಹ ಹಾದುಹೋದ ತಾರೀಕನ್ನು ನಾನು ಅಂಗೈ ಮೇಲೆ ಬರೆದುಕೊಂಡು ಹೋಗಿದ್ದೆ. ಅದಕ್ಕೆ ಆರು ದಿನ ಹಿಂದಿನ ಚೌಕದಲ್ಲಿ ಸೊನ್ನೆ.

ಆರು ದಿನ. ತೋಟ ಖಾಲಿಯಾಗಿ ಆರು ದಿನಕ್ಕೆ ಮೇಲಿನಿಂದ ನೋಡಿದರೆ ಮಣ್ಣಲ್ಲದೆ ಇನ್ನೇನು ಕಾಣುತ್ತದೆ? ನಾವು ಯಂತ್ರ ಹಿಡಿದು ಬಂದದ್ದು ತೋಟ ಖಾಲಿಯಾಗಿ ಸುಮಾರು ಐದು ವಾರಕ್ಕೆ, ಪಟ್ಟಿಯಲ್ಲಿ ಹನ್ನೆರಡನೆಯದಾದರೂ ಮೊದಲ ಸಲ ಮಳೆಯೆಂದು ಬಿಟ್ಟು, ಹುಡುಗಿ ಹುಷಾರು ತಪ್ಪುವ ಮುನ್ನ ಕಡೆಯಲ್ಲಿ ಮಾಡಿದ್ದೆವು. ಆಗ ಎದೆಯೆತ್ತರ. ಅಂದರೆ ಉಪಗ್ರಹವೂ ಸರಿ, ನಾನೂ ಸರಿ. ಇಬ್ಬರೂ ಸರಿಯಿದ್ದೂ ಒಬ್ಬರು ಸುಳ್ಳಾಗುವುದು ಹೇಗೆ ಎಂಬುದೇ ನನ್ನ ಗೊಂದಲವಾಗಿತ್ತಲ್ಲ. ಅದು ಬಿಡಿಸಿಕೊಂಡಾಗ ಅಳು ಬಂದು, ಹುಳಕ್ಕೆ ಏನಾದರೂ ಆದೀತೆಂದು ಹೊರಗೆ ಓಡಿದೆ.

ಮುಂದಿನ ಮೂರು ವಾರ ಮಿಕ್ಕ ಮನೆಗಳಿಗೆ ಹೀಗೇ ಹೋದೆ. ಯಾವ ಮನೆಯೂ ಇನ್ನೊಂದು ಮನೆಯ ಜೊತೆಗೆ ಕೊಯ್ದಿರಲಿಲ್ಲ. ಅವರವರ ಹುಳ ಹಸಿದಾಗ ಅವರವರ ತೋಟ ಬೋಳು. ಮುರುಗಮಲ್ಲದ ಕಡೆಯ ಒಂದು ಮನೆಯಲ್ಲಿ ಕ್ಯಾಲೆಂಡರಿನ ಆ ತಿಂಗಳ ಹಾಳೆಯೇ ಇರಲಿಲ್ಲ. ಆ ಮನೆಯಾಕೆ ಉರ್ದುವಿನಲ್ಲಿ ತನ್ನನ್ನು ತಾನೇ ಬೈದುಕೊಂಡು, "ಅಕ್ಕಾ, ತಟ್ಟೇಲಿ ಹಾಕ್ಬಿಟ್ಟಿದೀನಿ," ಎಂದಳು. ಬಿದಿರಿನ ತಟ್ಟೆಗೆ ಹಾಸಲು ಪೇಪರ್ ಸಾಲದೆ ಅದನ್ನೇ ಹಾಸಿದ್ದಳು, ಮೇಲೆ ಹುಳ ಮೇಯುತ್ತಿದ್ದವು. ಹಿಕ್ಕೆ ತೆಗೆಯುವ ಹೊತ್ತಿನವರೆಗೆ ನಾನು ಜಗಲಿಯಲ್ಲಿ ಕಾದೆ. ಹಾಳೆ ಒದ್ದೆಯಾಗಿ ಹಸಿರು ಕಲೆಯಾಗಿತ್ತು, ಸೊನ್ನೆ ಮಾತ್ರ ಉಳಿದಿತ್ತು. ಚಿತ್ರದ ದಿನಕ್ಕಿಂತ ಎಂಟು ದಿನ ಹಿಂದೆ.

ಹದಿನೆಂಟು ಮನೆ, ಹದಿನೆಂಟು ಸೊನ್ನೆ. ಎಲ್ಲವೂ ಉಪಗ್ರಹ ಬರುವ ಮುನ್ನ ಮೂರು ವಾರದೊಳಗೆ.

ನಲವತ್ತೇಳಕ್ಕೆ ಕೊನೆಗೆ ಹೋದೆ. ಕಂದು ನಾಯಿ ಅಲ್ಲೇ ಇತ್ತು. ಬ್ಯಾಗಿನಲ್ಲಿ ಎರಡು ಬನ್ ತಂದಿದ್ದೆ. ನಾಯಿ ಒಂದನ್ನು ತಿಂದು, ಇನ್ನೊಂದನ್ನೂ ತಿಂದು, ಬಾಲ ಆಡಿಸುತ್ತ ನನ್ನ ಮುಂದೆಯೇ ದಾರಿ ತೋರಿಸಿತು. ಇಷ್ಟಕ್ಕೇ ಅಂದು ಹೆದರಿದ್ದೆ. ಹೊಂಗೆ ಸಾಲಿನ ಆಚೆ ಹಸಿರು ಇದ್ದದ್ದು ನಿಜ, ಅದು ಇನ್ನೂ ದೂರದ, ಬೇರೆಯವರ ತೋಟ. ನಾನು ನಕ್ಷೆಯಲ್ಲಿ ಗುರುತು ಹಾಕಿದ್ದ ಜಮೀನು ಬೀಳು. ಮೋಟೂ ಇಲ್ಲ.

"ಹೋದ ವರ್ಷವೇ ಕಿತ್ತಾಕಿದ್ವಿ ಮೇಡಂ, ಬೋರ್ ಬತ್ತೋಗಿತ್ತು," ಎಂದ ಅದರ ಒಡೆಯ.

ಅವತ್ತು ಸಂಜೆ ಹುಡುಗಿ ನಮ್ಮ ಮನೆಗೆ ಬಂದಿದ್ದಳು. ಪಟ್ಟಿ ನೋಡಿ ಕುಣಿದಳು. ನಾನು ನಲವತ್ತೇಳರದ್ದು ಹೇಳಿದೆ. ಪಟ್ಟಿ ಮಡಿಚಿ ಮೇಜಿನ ಮೇಲಿಟ್ಟಳು.

"ಆಂಟಿ, ಅದನ್ನೂ ಕತ್ತರಿಸಿದ ತೋಟ ಅಂತಲೇ ಹಾಕಿಬಿಡಣ. ಒಂದು ತಾನೇ. ಅದು ಹೇಳಿದ್ರೆ ಸಾರ್ ಎಲ್ಲದನ್ನೂ ಹಂಗೇ ಅನ್ಕೋತಾರೆ."

ಯಜಮಾನರೂ, "ನೂರಕ್ಕೆ ಒಂದು ತಪ್ಪು ನಮ್ಮ ಲ್ಯಾಬಲ್ಲೂ ಆಗುತ್ತೆ ಕಣೇ," ಎಂದರು.

ಹುಡುಗಿ ಹೇಳಿದ್ದು ಸುಳ್ಳಾಗಿರಲಿಲ್ಲ. ಒಂದನ್ನು ನೋಡದೆ ಬರೆದವಳು ಹದಿನೆಂಟನ್ನು ನೋಡಿ ಬರೆದಿದ್ದಾಳೆ ಎಂದು ಯಾರು ನಂಬುತ್ತಾರೆ? ಹೇಳದಿದ್ದರೆ ಹತ್ತೊಂಬತ್ತಕ್ಕೆ ಹತ್ತೊಂಬತ್ತು, ಚೊಕ್ಕ. ಕುಕ್ಕರ್ ಎರಡು ಸಲ ಕೂಗಿತು, ಮೂರನೆಯದನ್ನು ಎಣಿಸಲು ಮರೆತು ಬೇಳೆ ತಳ ಹಿಡಿಸಿದೆ. ಊಟವಾದ ಮೇಲೆ ನೋಟ್‌ಬುಕ್ ತೆಗೆದೆ. ನಲವತ್ತೇಳರ ಮುಂದಿನ 'ಹಿಪ್ಪುನೇರಳೆ'ಯ ಮೇಲೆ ಅಡ್ಡಲಾಗಿ ಒಂದೇ ಗೆರೆ ಎಳೆದೆ, ಕೆಳಗಿನದು ಓದಲು ಬರುವಂತೆ. ಪಕ್ಕದಲ್ಲಿ ಬರೆದೆ: 'ಬೀಳು. ಅಂದು ಹೋಗಿ ನೋಡಿರಲಿಲ್ಲ.'

ಪ್ರೊಫೆಸರ್ ಆ ಪುಟವನ್ನು ಬಹಳ ಹೊತ್ತು ನೋಡಿದರು. ಮಿಕ್ಕ ಹದಿನೆಂಟರ ಬಗ್ಗೆ ನಾನು ಹೇಳಿದ್ದನ್ನೆಲ್ಲ ಕೇಳಿ, ತಲೆಯಾಡಿಸಿ, ಒಂದನ್ನೂ ಒಪ್ಪಿರಲಿಲ್ಲ, ನಿರಾಕರಿಸಿಯೂ ಇರಲಿಲ್ಲ. ಗೆರೆಯ ಮೇಲೆ ಬೆರಳಿಟ್ಟರು.

"ಯಾಕೆ ನೋಡ್ಲಿಲ್ಲ?"

"ನಾಯಿ ಇತ್ತು ಸಾರ್."

ಹುಡುಗಿ ಕಣ್ಣು ಮುಚ್ಚಿಕೊಂಡಳು. ಪ್ರೊಫೆಸರ್ ಮುಖ ಸಡಿಲವಾಯಿತು. "ನಾನೂ ಫೀಲ್ಡಿಗೆ ಹೋಗಿದೀನಮ್ಮ. ನಾಯಿ ಇತ್ತು ಅಂತ ಯಾರೂ ಬರೆದದ್ದು ನೋಡಿಲ್ಲ," ಎಂದು ಪುಸ್ತಕ ಮುಚ್ಚಿದರು. "ಆ ಕ್ಯಾಲೆಂಡರ್ ನಾನೂ ನೋಡ್ಬೇಕು."

ಮುಂದಿನ ವಾರ ಬಂದರು. ಅಜ್ಜಿ ಅವರನ್ನೂ ಮೂಸಿ, ಬೆಳಿಗ್ಗೆ ಶೇವಿಂಗ್ ಲೋಷನ್ ಹಾಕಿದ್ದಕ್ಕೆ ಹೊರಗೇ ನಿಲ್ಲಿಸಿದರು. "ದೊಡ್ಡ ಸಾರ್ ಆದ್ರೇನು, ಹುಳಕ್ಕೆ ಗೊತ್ತಾಗ್ತದಾ?" ಅಲ್ಲಿಯೇ ನಿಂತು ಅವರು ಮೋಟುಗಳ ಫೋಟೊ ತೆಗೆದರು. ಹೊಸಿಲ ಒಳಗಿನಿಂದ ಸೊಸೆ ತಾರೀಕು ಓದಿ ಹೇಳಿದಳು, ಹೊಸಿಲ ಹೊರಗಿನಿಂದ ಪ್ರೊಫೆಸರ್ ಬರೆದುಕೊಂಡರು.

ಅಲ್ಲಿ ಬದುವಿನ ಮೇಲೆ ನಿಂತೇ ಅವರು ತೀರ್ಮಾನ ಮಾಡಿದರು: ಒಂದು ದಿನದ ಚಿತ್ರ ಸಾಲದು, ನಲವತ್ತನಾಲ್ಕು ದಿನ ಬಿಟ್ಟು ತೆಗೆದ ಇನ್ನೊಂದನ್ನು ತರಿಸಬೇಕು, ಅಲ್ಲಲ್ಲಿ ಮೋಡವಿದ್ದರೂ ಸರಿ. ರಾಗಿಯಾದರೆ ಊರಿಗೂರೇ ಒಟ್ಟಿಗೆ ಕೆಂಪಾಗಿ ಒಟ್ಟಿಗೆ ಬೋಳಾಗುತ್ತದೆ. ಪಕ್ಕಪಕ್ಕದ ತುಂಡುಗಳು ಒಂದು ಕೆಂಪು ಒಂದು ನೀಲಿ ಆಗಿ, ಮುಂದಿನ ಚಿತ್ರದಲ್ಲಿ ಅದಲು ಬದಲಾದರೆ ಅದು ನಮ್ಮ ಕಡೆಯ ಹಿಪ್ಪುನೇರಳೆ. ಮೈಸೂರಿನಲ್ಲಿ ಕಲಿಸಿದ ಕಂಪ್ಯೂಟರಿಗೆ ಇಲ್ಲಿಯದನ್ನು ಬೇರೆಯಾಗಿಯೇ ಕಲಿಸಬೇಕಾಯಿತು. ಹುಡುಗಿಯ ಅಧ್ಯಾಯ ಉಳಿಯಿತು. ಆ ನಕ್ಷೆ ಇಂದಿಗೂ ಪ್ರಯೋಗಾಲಯದ ಸಾಧನೆಗಳ ಫಲಕದಲ್ಲಿ ಇದೆಯಂತೆ. ಅಜ್ಜಿಗೆ ಒಂದು ಪ್ರತಿ ತೋರಿಸಿದಾಗ ತಮ್ಮ ತೋಟದ ಚುಕ್ಕಿ ಹುಡುಕಿಸಿಕೊಂಡು, "ಇಷ್ಟೇನಾ?" ಎಂದರು.

ಮರುವರ್ಷ ಮತ್ತೊಂದು ಸುತ್ತಿಗೆ ಅಂಚೆಯಲ್ಲಿ ಹೊಸ ಫಾರಂಗಳ ಕಟ್ಟು ಬಂತು. ಎರಡು ಕಾಲಂ ಹೆಚ್ಚಾಗಿದ್ದವು. ಒಂದು, ಕೊನೆಯ ಸಲ ಕತ್ತರಿಸಿದ ದಿನ. ಅದು ಬರುವುದು ಗೊತ್ತಿತ್ತು. ಇನ್ನೊಂದು: ಹೋಗಿ ನೋಡಿದ್ದು, ಅಥವಾ ಕೇಳಿ ಬರೆದದ್ದು. ಲ್ಯಾಬಿನಲ್ಲಿ ಎಲ್ಲರೂ ಅದಕ್ಕೆ ನಲವತ್ತೇಳರ ಕಾಲಂ ಅನ್ನುತ್ತಾರೆ ಎಂದು ಹುಡುಗಿ ಬರೆದಿದ್ದಳು. ಹೆಮ್ಮೆಪಡಬೇಕೋ ನಾಚಿಕೆಪಡಬೇಕೋ ತಿಳಿಯದೆ ಫಾರಂ ಹಿಡಿದು ಅಡುಗೆಮನೆಯಲ್ಲಿ ಸುಮಾರು ಹೊತ್ತು ನಿಂತಿದ್ದೆ.

ಆ ಸಲ ಮೊದಲು ಹೋದದ್ದು ನಲವತ್ತೇಳಕ್ಕೇ. ಪೌಡರ್ ಇರಲಿಲ್ಲ, ಬ್ಯಾಗಿನಲ್ಲಿ ಬನ್ ಇತ್ತು. ನಾಯಿ ಮುಂದೆ, ನಾನು ಹಿಂದೆ. ಹೊಂಗೆ ಸಾಲು ದಾಟಿ ನೋಡಿದರೆ ಬೀಳು ಇರಲಿಲ್ಲ. ಹೊಸ ಬೋರಿನ ನೀರು ಕಾಲುವೆಯಲ್ಲಿ ಹರಿಯುತ್ತಿತ್ತು. ಉತ್ತ ಮಣ್ಣಿನಲ್ಲಿ ಸಾಲುಸಾಲಾಗಿ ನೆಟ್ಟ ಹಿಪ್ಪುನೇರಳೆಯ ಕಡ್ಡಿ, ಒಂದೊಂದರ ತುದಿಗೂ ಎರಡೋ ಮೂರೋ ಎಲೆ. ಉಪಗ್ರಹಕ್ಕೆ ಇನ್ನೂ ಬೋಳು ನೆಲವೇ. ಬಗ್ಗಿ ಒಂದು ಎಲೆ ಮುಟ್ಟಿ ನೋಡಿ, ಹಿಂದಿನ ವರ್ಷ ಅಡ್ಡಗೆರೆ ಎಳೆದಿದ್ದ ಅದೇ ಪದವನ್ನು ಮತ್ತೆ ಬರೆದೆ. ಪಕ್ಕದ ಕಾಲಂನಲ್ಲಿ, ಹೋಗಿ ನೋಡಿದ್ದು ಎಂದು.